ಜೋಡಿ ಕಾರ್ಡು ಕಾಯುತ್ತಾ, ಕಾಯಲ್ವಾ?

ಸ್ಲೇ ದ ಸ್ಪೈರ್ ಅಂತ ಒಂದು ವಿಡಿಯೋ ಗೇಮ್ ಇದೆ, ದಾರಿಯಲ್ಲಿ ಸಿಗುವ ಕಾರ್ಡುಗಳನ್ನು ಆರಿಸಿ ಡೆಕ್ ಕಟ್ಟಿಕೊಂಡು ಶತ್ರುಗಳ ಜೊತೆ ಕಾದಾಡುವುದು. ಅದರಲ್ಲಿ ನಾನು ಜಾಸ್ತಿ ಸೋತದ್ದು ಒಂದೇ ಆಸೆಯಿಂದ. ಸೈಲೆಂಟ್ ಪಾತ್ರ ಹಿಡಿದರೆ ಮೂರು ಕಾರ್ಡು ಒಟ್ಟಿಗೆ ಕೈಗೆ ಬರಬೇಕು: ಡೆಡ್ಲಿ ಪಾಯ್ಸನ್, ಬರ್ಸ್ಟ್, ಕ್ಯಾಟಲಿಸ್ಟ್. ಮೊದಲನೆಯದು ಶತ್ರುವಿಗೆ 5 ವಿಷ ಹಚ್ಚುತ್ತದೆ. ಬರ್ಸ್ಟ್ ಹಾಕಿದರೆ ಅದೇ ಸರದಿಯ ಮುಂದಿನ ಸ್ಕಿಲ್ ಕಾರ್ಡು (ನೇರವಾಗಿ ಏಟು ಹಾಕದ ಬಗೆಯದು) ಎರಡು ಸಲ ನಡೆಯುತ್ತದೆ. ಕ್ಯಾಟಲಿಸ್ಟ್ ಇರುವ ವಿಷವನ್ನು ದುಪ್ಪಟ್ಟು ಮಾಡುತ್ತದೆ. ಅಲ್ಲಿಗೆ 5 ಇದ್ದದ್ದು 20. ವಿಷ ಪ್ರತಿ ಸರದಿಗೂ ತನ್ನ ಅಂಕಿಯಷ್ಟು ಜೀವ ತಿಂದು, ಒಂದು ಇಳಿಯುತ್ತದೆ. 20, 19, 18 ಅಂತ ಕೂಡಿಸುತ್ತಾ ಹೋಗಿ, 210 ಏಟು! ಬರೀ 3 ಎನರ್ಜಿಗೆ, ಅಂದರೆ ಕಾರ್ಡು ಹಾಕಲು ಒಂದು ಸರದಿಗೆ ಸಿಗುವ ಶಕ್ತಿಯಲ್ಲೇ. ಆಸೆ ಆಗದೆ ಇರುತ್ತಾ?

ಒಂದು ದಿನ ಬೇಜಾರಾಗಿ ಪೆನ್ನು ಹಾಳೆ ಹಿಡಿದು ಕೂತೆ. ಡೆಕ್ಕಿನಲ್ಲಿ 20 ಕಾರ್ಡು, ಸರದಿಗೆ 5 ಬರುತ್ತವೆ, ಹಾಕದೆ ಉಳಿದದ್ದು ಸರದಿ ಮುಗಿದಾಗ ಕೈಬಿಟ್ಟು ಹೋಗುತ್ತದೆ. (ಸೈಲೆಂಟ್‌ಗೆ ಮೊದಲ ಸರದಿಯಲ್ಲಿ 2 ಜಾಸ್ತಿ ಸಿಗುತ್ತದೆ, ಅದನ್ನು ಬಿಟ್ಟೆ.) ಬರ್ಸ್ಟ್ ಯಾವುದೋ ಒಂದು ಕೈಗೆ ಬಂತು ಅಂತಿಟ್ಟುಕೊಳ್ಳಿ. ಅದರ ಪಕ್ಕ ಖಾಲಿ ಇರುವುದು 4 ಜಾಗ. ಕ್ಯಾಟಲಿಸ್ಟ್ ಕೂತಿರಬಹುದಾದ ಜಾಗ ಒಟ್ಟು 19. ಅಂದರೆ ಡೆಕ್ ಒಂದು ಸುತ್ತು ಮುಗಿಯುವುದರೊಳಗೆ ಎರಡೂ ಜೊತೆಯಾಗುವ ಸಾಧ್ಯತೆ ಶೇಕಡ 21. ಮೂರೂ ಒಂದೇ ಕೈಗೆ ಬರಬೇಕೆಂದರೆ ಶೇಕಡ 3.5. ಬಂದರೂ ಎನರ್ಜಿಯೆಲ್ಲ ಅದಕ್ಕೇ ಖರ್ಚು. ಆ ಸರದಿಯಲ್ಲಿ ಶತ್ರುವಿನ ಏಟು ತಡೆಯುವ ಬ್ಲಾಕ್ ಹಾಕೋಕೆ ಏನೂ ಉಳಿಯಲ್ಲ.

ರಮ್ಮಿಯಲ್ಲಿ ನಡುವಿನ ಒಂದೇ ಎಲೆಗೆ ಕಾದು ಕೂರುವವರನ್ನು ನೋಡಿ ನಗುತ್ತಿದ್ದವನು ನಾನು. ಇಲ್ಲಿ ಮಾಡುತ್ತಿದ್ದದ್ದೂ ಅದೇ.

ಅವತ್ತಿನಿಂದ ಕಾರ್ಡು ನೋಡುವ ರೀತಿ ಬದಲಾಯಿತು. ಮೊದಲೆಲ್ಲ ‘ಇದಕ್ಕೂ ಅದಕ್ಕೂ ಜೋಡಿ ಆಗುತ್ತಾ?’ ಅಂತ ಕೇಳಿಕೊಳ್ಳುತ್ತಿದ್ದೆ. ಈಗ ಕೇಳುವುದು ‘ಒಂದು ಬಂದು ಇನ್ನೊಂದು ಬರದಿದ್ದರೆ, ಬಂದದ್ದು ಕಾಯುತ್ತಾ?’ ಅಂತ. ಬರ್ಸ್ಟ್ ಕಾಯಲ್ಲ. ಆ ಸರದಿಯಲ್ಲಿ ಸ್ಕಿಲ್ ಹಾಕದಿದ್ದರೆ ಹೋಯಿತು. ಡೆಡ್ಲಿ ಪಾಯ್ಸನ್ ಸ್ವಲ್ಪ ಹೊತ್ತು ಕಾಯುತ್ತದೆ, ಆದರೆ ಐಸ್ ಕರಗಿದ ಹಾಗೆ ಸರದಿ ಸರದಿಗೂ ಸಣ್ಣದಾಗುತ್ತದೆ. ಈ ಸರದಿಯಲ್ಲಿ 5 ಇದ್ದದ್ದು ಎರಡು ಸರದಿ ಬಿಟ್ಟು ಕ್ಯಾಟಲಿಸ್ಟ್ ಬರುವಾಗ 3. ನಾಕ್ಷಿಯಸ್ ಫ್ಯೂಮ್ಸ್ ಬೇರೆ ಜಾತಿ. ಅದು ಪವರ್ ಕಾರ್ಡು. ಒಮ್ಮೆ ಹಾಕಿದರೆ ಪ್ರತಿ ಸರದಿ ಎಲ್ಲ ಶತ್ರುಗಳಿಗೂ 2 ವಿಷ. ಒಂದು ಇಳಿದು ಎರಡು ಸೇರುವುದರಿಂದ 2, 3, 4, 5 ಅಂತ ಏರುತ್ತಲೇ ಇರುತ್ತದೆ. ಕ್ಯಾಟಲಿಸ್ಟ್ ತಡವಾಗಿ ಬಂದಷ್ಟೂ ಒಳ್ಳೆಯದೇ. ಕ್ಯಾಟಲಿಸ್ಟ್‌ಗೆ ಯಾವುದು ಜೋಡಿ ಅಂತ ಯಾರಾದರೂ ಕೇಳಿದರೆ, ನೋಡಲು ಏನೂ ಇಲ್ಲದ ಈ ಫ್ಯೂಮ್ಸನ್ನೇ ತೋರಿಸುತ್ತೇನೆ.

ಇನ್ನೊಂದು ಪಾಠ ಕಲಿಸಿದವನು ಗ್ರೆಮ್ಲಿನ್ ನಾಬ್. ಮೊದಲ ಅಂಕದಲ್ಲೇ ಸಿಗುವ ಎಲೀಟ್, ಅಂದರೆ ಮಾಮೂಲಿಗಿಂತ ಗಟ್ಟಿ ಶತ್ರು, 82ರಿಂದ 86 ಜೀವ. ಅವನು ಕೆರಳಿದ ಮೇಲೆ ನೀವು ಹಾಕುವ ಒಂದೊಂದು ಸ್ಕಿಲ್ಲಿಗೂ ಅವನ ಬಲ 2 ಏರುತ್ತದೆ. ಡೆಡ್ಲಿ ಪಾಯ್ಸನ್, ಕ್ಯಾಟಲಿಸ್ಟ್, ಬರ್ಸ್ಟ್ ಮೂರೂ ಸ್ಕಿಲ್ಲೇ! ನಾನು ಆ ಆಟದಲ್ಲಿ ಏಟು ಹಾಕುವ ಒಳ್ಳೆಯ ಕಾರ್ಡುಗಳನ್ನೆಲ್ಲ ಬಿಟ್ಟು ‘ಮುಂದೆ ಕೆಲಸಕ್ಕೆ ಬರುತ್ತೆ’ ಅಂತ ಕ್ಯಾಟಲಿಸ್ಟ್ ತಗೊಂಡಿದ್ದೆ. ನಾಬ್ ಮುಂದೆ ನಿಂತಾಗ ಕೈಯಲ್ಲಿ ಕ್ಯಾಟಲಿಸ್ಟ್ ಇತ್ತು, ಅವನ ಮೈಮೇಲೆ ವಿಷ ಇರಲಿಲ್ಲ. ಸೊನ್ನೆಯನ್ನು ದುಪ್ಪಟ್ಟು ಮಾಡಿದರೆ ಎಷ್ಟು ಅಂತ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು, ಅಲ್ವಾ?

ಹಾಗಾಗಿ ಈಗ ಒಂಟಿಯಾಗಿಯೂ ಕೆಲಸ ಮಾಡುವ ಕಾರ್ಡು ಮೊದಲು, ಅದನ್ನು ದೊಡ್ಡದು ಮಾಡುವ ಕಾರ್ಡು ಆಮೇಲೆ. ಬ್ಲೇಡ್ ಡ್ಯಾನ್ಸ್ ಮೂರು ಶಿವ್ (ಚಿಕ್ಕ ಚಾಕು ಕಾರ್ಡು) ಕೊಡುತ್ತದೆ, ಒಂದೊಂದಕ್ಕೆ 4 ಏಟು. ಇಷ್ಟೇ ಇದ್ದರೂ ಮೋಸವಿಲ್ಲ. ಆಕ್ಯುರಸಿ ಅನ್ನುವ ಕಾರ್ಡು ಇದ್ದರೆ ಶಿವ್ ಒಂದಕ್ಕೆ ಇನ್ನೂ 4 ಸೇರಿ 12 ಇದ್ದದ್ದು 24 ಆಗುತ್ತದೆ. ಆದರೆ ಎರಡನೇ ಮಹಡಿಯಲ್ಲೇ ಆಕ್ಯುರಸಿ ತಗೊಂಡು, ಕೊನೆಯವರೆಗೂ ಬ್ಲೇಡ್ ಡ್ಯಾನ್ಸ್ ಮುಖವನ್ನೇ ನೋಡದ ಆಟವೂ ನನ್ನದಿದೆ. ಡೆಕ್ಕಿನಲ್ಲಿ ಸುಮ್ನೆ ಒಂದು ಜಾಗ ದಂಡ.

ಬರ್ಸ್ಟನ್ನು ಪೂರ್ತಿ ಬಿಟ್ಟಿಲ್ಲ. ವೆಲ್ ಲೇಯ್ಡ್ ಪ್ಲಾನ್ಸ್ ಅಂತ ಒಂದು ಪವರ್ ಇದೆ. ಸರದಿ ಮುಗಿದಾಗ ಒಂದು ಕಾರ್ಡನ್ನು ಕೈಯಲ್ಲೇ ಉಳಿಸಿಕೊಳ್ಳಬಹುದು. ಅದಿದ್ದರೆ ಹಾಳೆಯ ಮೇಲಿನ ಲೆಕ್ಕವೇ ಬೇರೆ. ಕಾಯದ ಕಾರ್ಡನ್ನೂ ಅದು ಕಾಯಿಸುತ್ತದೆ.

ಹೋದ ತಿಂಗಳು ಎರಡನೇ ಅಂಕದ ಕೊನೆಗೆ ಚಾಂಪ್ ಅನ್ನುವ ಬಾಸ್ ಸಿಕ್ಕ. 420 ಜೀವ. ಅರ್ಧಕ್ಕಿಂತ ಕೆಳಗಿಳಿದರೆ ಮೈಮೇಲಿನ ವಿಷವನ್ನೆಲ್ಲ ಕೊಡವಿಕೊಂಡು ಎದ್ದು ನಿಲ್ಲುತ್ತಾನೆ. ಮೊದಲಾಗಿದ್ದರೆ ಆರಂಭದಲ್ಲೇ ಎಲ್ಲ ಸುರಿದು ಕೈ ಖಾಲಿ ಮಾಡಿಕೊಳ್ಳುತ್ತಿದ್ದೆ. ಈ ಸಲ ಕ್ಯಾಟಲಿಸ್ಟ್ ಬಂದ ಕೂಡಲೇ ಹಿಡಿದಿಟ್ಟೆ. ಅವನು ಒಮ್ಮೆ ಕೊಡವಿಕೊಳ್ಳಲಿ ಅಂತ ಬಿಟ್ಟೆ. ಆಮೇಲೆ ಫ್ಯೂಮ್ಸ್ ಮತ್ತೆ ಏರಿಸಿತು, ಡೆಡ್ಲಿ ಪಾಯ್ಸನ್ ಸೇರಿ 10 ಆಯಿತು. ಬರ್ಸ್ಟ್ ಬಂತು. 10 ಇದ್ದದ್ದು 40. ಅವನಿಗೆ ಉಳಿದಿದ್ದದ್ದು 200ರ ಆಸುಪಾಸು. ಐದು ಸರದಿ ಏಟು ತಡೆಯುವ ಡಿಫೆಂಡ್ ಕಾರ್ಡು ಹಾಕುತ್ತಾ ಕೂತೆ.