ಮಂಡಿಯ ಲೆಕ್ಕದ ಕಂಪ್ಯೂಟರ್: ವೈರಸ್ ಬಂದರೂ ಲೆಕ್ಕ ಉಳಿಯಬೇಕಾದರೆ

ಮೆಕ್ಕೆಜೋಳದ ಸುಗ್ಗಿ ಶುರುವಾಯಿತೆಂದರೆ ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಗಳಲ್ಲಿ ಇರುವ ಒಂದು ಕಂಪ್ಯೂಟರಿಗೆ ಬಿಡುವಿಲ್ಲ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್, ರೈತರ ಪಟ್ಟಿ (ಮಾರಾಟದ ಲೆಕ್ಕದ ಹಾಳೆ), ನೆಟ್‌ಬ್ಯಾಂಕಿಂಗ್, ವಾಟ್ಸ್‌ಆ್ಯಪ್ ವೆಬ್ ಎಲ್ಲಾ ಅದರಲ್ಲೇ. ಝೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್ ಹಾಕುವುದೂ ಅದಕ್ಕೇ. ಯಾವ ರೈತರಿಗೆ ಎಷ್ಟು ಕೊಡಬೇಕು, ಯಾವ ಖರೀದಿದಾರರಿಂದ ಎಷ್ಟು ಬರಬೇಕು ಎಂಬುದೆಲ್ಲ ಆ ಡಬ್ಬಿಯೊಳಗೆ ಕೂತಿರುತ್ತದೆ. ಆಂಟಿವೈರಸ್‌ಗೆ ದುಡ್ಡು ಕೊಟ್ಟಿದ್ದೇವೆ, ಸಾಕಲ್ಲ ಎನ್ನುವವರೇ ಹೆಚ್ಚು. ಸಾಲದು. ಆಂಟಿವೈರಸ್‌ನ ಮಾತು ಆಮೇಲೆ. ಮೊದಲು ಬೇಕಾದ್ದು ಕಂಪ್ಯೂಟರಿಗೆ ತಗುಲಿಸದೆ ಇಟ್ಟ ಒಂದು ಪ್ರತಿ.

ಬ್ಯಾಕಪ್: ಡಿ ಡ್ರೈವ್‌ನಲ್ಲಿದ್ದರೆ ಇಲ್ಲದಂತೆಯೇ

ರಾನ್ಸಮ್‌ವೇರ್ ಎಂದರೆ ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳುವ ವೈರಸ್. ಅದು ಒಳಹೊಕ್ಕ ಮೇಲೆ ಸಿ, ಡಿ, ಇ ಎಂದು ಕಾಣುವ ಒಂದೊಂದೇ ಡ್ರೈವ್ ಹುಡುಕಿ ಫೈಲುಗಳನ್ನು ಗೂಢಲಿಪಿ ಮಾಡುತ್ತದೆ. ಸಿಕ್ಕಿಸಿಟ್ಟ ಹಾರ್ಡ್‌ಡಿಸ್ಕ್, ಪಕ್ಕದ ಕಂಪ್ಯೂಟರಿನ ಶೇರ್ ಮಾಡಿದ ಫೋಲ್ಡರ್ ಯಾವುದನ್ನೂ ಬಿಡುವುದಿಲ್ಲ. ವಿಂಡೋಸ್ ತಾನಾಗಿ ಇಟ್ಟುಕೊಂಡ ಹಳೆಯ ಪ್ರತಿಗಳನ್ನೂ ಬಹಳಷ್ಟು ರಾನ್ಸಮ್‌ವೇರ್‌ಗಳು ಮೊದಲೇ ಅಳಿಸುತ್ತವೆ. ಹಾಗಾಗಿ ಡಿ ಡ್ರೈವ್‌ನ ಬ್ಯಾಕಪ್ ನೆಚ್ಚಿಕೊಳ್ಳಬೇಡಿ.

ಎರಡು ಹೊರಗಿನ ಹಾರ್ಡ್‌ಡಿಸ್ಕ್ ತನ್ನಿ. ಲೆಕ್ಕದ ಫೈಲುಗಳಿಗಷ್ಟೇ ಆದರೆ ಚಿಕ್ಕವೇ ಸಾಕು. ಒಂದರ ಮೇಲೆ 1, ಇನ್ನೊಂದರ ಮೇಲೆ 2 ಎಂದು ಬರೆಯಿರಿ. ಸೋಮವಾರ, ಬುಧವಾರ, ಶುಕ್ರವಾರ ಮೊದಲನೆಯದು. ಮಂಗಳವಾರ, ಗುರುವಾರ, ಶನಿವಾರ ಎರಡನೆಯದು. ಒಂದು ಅಂಗಡಿಯಲ್ಲಿದ್ದರೆ ಇನ್ನೊಂದು ಮನೆಯಲ್ಲಿರಲಿ. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒಟ್ಟಿಗೆ ಒತ್ತಿದರೆ ಡೇಟಾ ಮೆನು ಬರುತ್ತದೆ. ಅಲ್ಲಿ ಬ್ಯಾಕಪ್ ಆರಿಸಿ, ಜಾಗವಾಗಿ ಹೊರಗಿನ ಡಿಸ್ಕ್ ತೋರಿಸಿ. ಆ ದಿನದ ತಾರೀಕಿನ ಹೆಸರಲ್ಲಿ ಹೊಸ ಫೋಲ್ಡರ್ ಮಾಡಿಯೇ ಹಾಕಿ. ಹಳೆಯದರ ಮೇಲೆ ಬರೆಯುತ್ತಾ ಹೋದರೆ, ಕೆಟ್ಟುಹೋದ ಲೆಕ್ಕ ಒಳ್ಳೆಯ ಲೆಕ್ಕವನ್ನು ನುಂಗಿಬಿಡುತ್ತದೆ. ಮುಗಿದ ಕೂಡಲೇ ಇಜೆಕ್ಟ್ ಕೊಟ್ಟು ಕೇಬಲ್ ಕಿತ್ತು ಬೀರುವಿನಲ್ಲಿಡಿ. ಈ ಕೇಬಲ್ ಕೀಳುವುದೇ ಇಡೀ ಕೆಲಸದ ಜೀವಾಳ.

ಯುಪಿಎಸ್ ಇಲ್ಲದೆ ಬ್ಯಾಕಪ್ ಮಾಡಬೇಡಿ. ಬರೆಯುವಾಗ ಕರೆಂಟ್ ಹೋದರೆ ಫೈಲ್ ಅರ್ಧಕ್ಕೆ ನಿಲ್ಲುತ್ತದೆ, ಡಿಸ್ಕಿನ ಮಿಕ್ಕ ಫೈಲುಗಳೂ ಕೆಡಬಹುದು.

ತಿಂಗಳಿಗೊಮ್ಮೆ ರಿಸ್ಟೋರ್ ಮಾಡಿ ನೋಡಿ. ಹೆಚ್ಚಿನ ಕಡೆ ಇದನ್ನು ಯಾರೂ ಮಾಡುವುದಿಲ್ಲ, ಬ್ಯಾಕಪ್ ಖಾಲಿ ಎಂದು ಗೊತ್ತಾಗುವುದು ಅದು ಬೇಕಾದ ದಿನವೇ. ಒಂದು ಎಚ್ಚರಿಕೆ: ಈಗಿರುವ ಡೇಟಾ ಫೋಲ್ಡರಿಗೇ ರಿಸ್ಟೋರ್ ಕೊಟ್ಟರೆ ಇವತ್ತಿನ ಲೆಕ್ಕದ ಮೇಲೆ ಹಳೆಯದು ಕೂರುತ್ತದೆ. ಪರೀಕ್ಷೆ ಎಂಬ ಬೇರೆ ಫೋಲ್ಡರ್ ಮಾಡಿ, ಅದಕ್ಕೆ ರಿಸ್ಟೋರ್ ಮಾಡಿ, ಆ ದಿನದ ನಗದು ಶಿಲ್ಕು ಮತ್ತು ಎರಡು ಮೂರು ಖಾತೆಗಳ ಬಾಕಿಯನ್ನು ರೋಕಡ ಪುಸ್ತಕದೊಂದಿಗೆ ತಾಳೆ ನೋಡಿ.

ಗೂಗಲ್ ಡ್ರೈವ್ ಇದ್ದರೆ ಒಳ್ಳೆಯದೇ, ಆದರೆ ಅದೊಂದನ್ನೇ ನಂಬಬೇಡಿ. ಇಲ್ಲಿ ಕೆಟ್ಟ ಫೈಲು ಸಿಂಕ್ ಆಗಿ ಅಲ್ಲೂ ಕೆಟ್ಟದ್ದೇ ಆಗುತ್ತದೆ. ಹಳೆಯ ಆವೃತ್ತಿಗಳು ಸಾಮಾನ್ಯವಾಗಿ 30 ದಿನ ಸಿಗುತ್ತವೆ, ಆದರೆ ಸಾವಿರಾರು ಫೈಲುಗಳನ್ನು ಒಂದೊಂದಾಗಿ ಹಿಂದಕ್ಕೆ ತರುವುದು ದಿನಗಟ್ಟಲೆ ಕೆಲಸ.

ಪೆನ್‌ಡ್ರೈವ್ ಒಳಗೆ ಬಾಣದ ಗುರುತು

ಪೆನ್‌ಡ್ರೈವ್ ತೆರೆದಾಗ ನಿಮ್ಮ ಫೋಲ್ಡರುಗಳ ಮೂಲೆಯಲ್ಲಿ ಚಿಕ್ಕ ಬಾಣ ಕಂಡರೆ, ಅಥವಾ ಡ್ರೈವಿನೊಳಗೆ ಡ್ರೈವಿನದೇ ಹೆಸರಿನ ಒಂದು ಐಕಾನ್ ಮಾತ್ರ ಇದ್ದರೆ, ಒತ್ತಬೇಡಿ. ಅದು ಶಾರ್ಟ್‌ಕಟ್ ವೈರಸ್. ನಿಮ್ಮ ಫೈಲುಗಳನ್ನು ಅದು ಅಳಿಸಿಲ್ಲ, ಬಚ್ಚಿಟ್ಟು ಅವುಗಳ ಜಾಗದಲ್ಲಿ ತನ್ನ ಬಾಗಿಲು ಇಟ್ಟಿದೆ. ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಹಿಂದಿನಿಂದ ವೈರಸ್ಸೂ ಓಡುತ್ತದೆ. ಫೋಲ್ಡರ್ ಸರಿಯಾಗಿಯೇ ತೆರೆಯುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಮೊದಲು ವಿಂಡೋಸ್ ಸೆಕ್ಯುರಿಟಿಯಲ್ಲಿ ಆ ಡ್ರೈವನ್ನು ಸ್ಕ್ಯಾನ್ ಮಾಡಿಸಿ. ಆಮೇಲೆ ಕಮಾಂಡ್ ಪ್ರಾಂಪ್ಟ್ ತೆರೆದು ಪೆನ್‌ಡ್ರೈವಿನ ಅಕ್ಷರ ಮತ್ತು ಕೋಲನ್ ಟೈಪ್ ಮಾಡಿ ಎಂಟರ್ ಒತ್ತಿ. ನಂತರ ಬಚ್ಚಿಟ್ಟ ಫೈಲುಗಳನ್ನು ಕಾಣಿಸುವ ಆಟ್ರಿಬ್ (attrib) ಆಜ್ಞೆ. ಅದರ ಮುಂದೆ ಮೈನಸ್ ಎಸ್, ಮೈನಸ್ ಎಚ್, ಮೈನಸ್ ಆರ್, ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ, ನಡುವೆ ಒಂದೊಂದು ಜಾಗ ಬಿಟ್ಟು. ಮೈನಸ್ ಎಚ್ ಒಂದನ್ನೇ ಕೊಟ್ಟರೆ ಆಗುವುದಿಲ್ಲ. ಸಿಸ್ಟಮ್ ಗುರುತು ಇರುವ ಫೈಲಿನಿಂದ ಹಿಡನ್ ಗುರುತನ್ನಷ್ಟೇ ತೆಗೆಯಲು ಆಜ್ಞೆ ಒಪ್ಪುವುದಿಲ್ಲ. ಬಚ್ಚಿಟ್ಟ ಫೈಲುಗಳು ಕೆಲವೊಮ್ಮೆ ಹೆಸರೇ ಇಲ್ಲದ ಫೋಲ್ಡರಿನಲ್ಲಿರುತ್ತವೆ, ಅದನ್ನು ಕಸವೆಂದು ಅಳಿಸಬೇಡಿ. ನಿಮ್ಮ ದಾಖಲೆಗಳನ್ನಷ್ಟೇ ನಕಲು ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಸ್ವಚ್ಛ ಪೆನ್‌ಡ್ರೈವಿನಲ್ಲೂ ಮತ್ತೆ ಬಾಣ ಬಂದರೆ ವೈರಸ್ ಕಂಪ್ಯೂಟರಿನಲ್ಲೇ ಇದೆ. ಆಗ ವಿಂಡೋಸ್ ಸೆಕ್ಯುರಿಟಿಯಲ್ಲೇ ಇರುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷ ಹಿಡಿಯುತ್ತದೆ.

ಝೆರಾಕ್ಸ್‌ಗೆಂದೇ ಒಂದು ಚಿಕ್ಕ ಪೆನ್‌ಡ್ರೈವ್ ಬೇರೆ ಇಡಿ. ಅದರಲ್ಲಿ ಆವತ್ತು ಪ್ರಿಂಟ್ ಆಗಬೇಕಾದ ಪಿಡಿಎಫ್ ಬಿಟ್ಟು ಏನೂ ಇರಬಾರದು.

ದೂರದಿಂದ ಬರುವವರ ಬಾಗಿಲು

ಆಡಿಟರ್ ಕಚೇರಿಯವರು ಲೆಕ್ಕ ನೋಡಲೆಂದು, ದೂರದಿಂದಲೇ ಈ ಕಂಪ್ಯೂಟರ್ ನಡೆಸಲು ಬಿಡುವ ರಿಮೋಟ್ ಡೆಸ್ಕ್‌ಟಾಪ್ ತೆರೆದು, ರೂಟರಿನಲ್ಲಿ ಅದರ ಬಾಗಿಲಾದ 3389 ಪೋರ್ಟ್ ತೆರೆದೇ ಬಿಟ್ಟಿರುವುದು ಉಂಟು. ಅಂತರ್ಜಾಲದಲ್ಲಿ ಈ ಪೋರ್ಟನ್ನೇ ಹುಡುಕುವ ಯಂತ್ರಗಳು ಹಗಲು ರಾತ್ರಿ ಓಡುತ್ತವೆ, ಅಂಗಡಿಯ ಹೆಸರು ಮತ್ತು 123 ಎಂಬಂಥ ಪಾಸ್‌ವರ್ಡ್ ಹೆಚ್ಚು ಹೊತ್ತು ತಡೆಯುವುದಿಲ್ಲ. ಆ ಪೋರ್ಟ್ ಮುಚ್ಚಿಸಿ. ಎನಿಡೆಸ್ಕ್ ಥರದ್ದು ಬಳಸಿದರೆ, ಯಾರೂ ಇಲ್ಲದಾಗಲೂ ಒಳಬರಲು ಬಿಡುವ ಪಾಸ್‌ವರ್ಡ್ ತೆಗೆಸಿ. ಕೆಲಸ ನಡೆಯುವಷ್ಟು ಹೊತ್ತು ಗುಮಾಸ್ತರು ಎದುರಿಗೆ ಕೂತಿರಲಿ.

ವಿಂಡೋಸ್ ಒಳಗೆ

ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಖಾತೆ ಮಾಡಿ, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಮಾಲೀಕರ ಹತ್ತಿರ ಇರಲಿ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿ. ಆಗ ಬಿಲ್ ಡಾಟ್ ಪಿಡಿಎಫ್ ಎಂದು ಕಾಣುತ್ತಿದ್ದದ್ದು ನಿಜಕ್ಕೂ ಬಿಲ್ ಡಾಟ್ ಪಿಡಿಎಫ್ ಡಾಟ್ ಎಕ್ಸಿ (exe), ಅಂದರೆ ಬಿಲ್ ಅಲ್ಲ, ಒತ್ತಿದರೆ ಓಡುವ ಪ್ರೋಗ್ರಾಂ ಎಂದು ಬಯಲಾಗುತ್ತದೆ.

ಅಪ್‌ಡೇಟ್ ಮುಂದೂಡಬೇಡಿ. ವಾನ್ನಾಕ್ರೈ ಎಂಬ ರಾನ್ಸಮ್‌ವೇರ್ ಜಗತ್ತಿನಾದ್ಯಂತ ಹರಡಿದ್ದು 2017ರ ಮೇ 12ರಂದು. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಹಾಕಿಕೊಂಡವರಿಗೆ ಆ ಬಿರುಕಿನಿಂದ ಏನೂ ಆಗಲಿಲ್ಲ. ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಹಳೆಯ ಕಂಪ್ಯೂಟರಿನಲ್ಲಿ ನೆಟ್‌ಬ್ಯಾಂಕಿಂಗ್ ಬೇಡವೇ ಬೇಡ.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಸಿಕೊಳ್ಳಬೇಡಿ. ಅದನ್ನು ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡಿ ಎಂದು ಹೇಳುತ್ತಾರಲ್ಲ, ಆ ಮಾತಿನಲ್ಲೇ ಉತ್ತರ ಇದೆ. ಅಂದಹಾಗೆ, ವಿಂಡೋಸ್ ಜೊತೆ ಬರುವ ಡಿಫೆಂಡರ್ ಇಂಥ ಅಂಗಡಿಗೆ ಸಾಕು. ಎರಡೆರಡು ಆಂಟಿವೈರಸ್ ಹಾಕಿದರೆ ಅವು ತಮ್ಮತಮ್ಮಲ್ಲೇ ಕಾದಾಡಿ ಟ್ಯಾಲಿ ನಿಧಾನವಾಗುತ್ತದೆ. ಡಿಫೆಂಡರ್‌ನ ರಾನ್ಸಮ್‌ವೇರ್ ಪ್ರೊಟೆಕ್ಷನ್‌ನಲ್ಲಿ ಅನುಮತಿ ಇಲ್ಲದ ಪ್ರೋಗ್ರಾಂ ಫೋಲ್ಡರ್ ಮುಟ್ಟದಂತೆ ತಡೆಯುವ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಮಾಡಿ ಟ್ಯಾಲಿ ಡೇಟಾ ಫೋಲ್ಡರ್ ಸೇರಿಸಿ. ಟ್ಯಾಲಿಗೆ ಲೆಕ್ಕ ಬರೆಯಲು ಆಗದಿದ್ದರೆ, ಅದೇ ಪುಟದಲ್ಲಿ ಟ್ಯಾಲಿಗೆ ಅನುಮತಿ ಕೊಡಿ.

ಮೊಬೈಲಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್ (ಮೊಬೈಲಿಗೆ ಆ್ಯಪ್ ಹಾಕುವ ಫೈಲ್) ದಂಡದ ಚಲನ್ ಎಂದಿರಲಿ, ಮದುವೆ ಕರೆಯೋಲೆ ಎಂದಿರಲಿ, ತೆರೆಯಬೇಡಿ. ಅಂಥವು ಎಸ್‌ಎಂಎಸ್ ಅನುಮತಿ ಕೇಳುವುದೇ ಒಟಿಪಿ ಓದಲಿಕ್ಕೆ.

ಬಂದೇ ಬಿಟ್ಟರೆ

ಫೈಲುಗಳ ಹೆಸರು ಕಣ್ಣೆದುರೇ ಬದಲಾಗುತ್ತಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಉಳಿದಷ್ಟಾದರೂ ಉಳಿಯಲಿ. ಎಲ್ಲಾ ಮುಗಿದ ಮೇಲೆ ಗೊತ್ತಾಗಿದ್ದರೆ ಆಫ್ ಮಾಡದೆ ನೆಟ್ ಕೇಬಲ್ ಕಿತ್ತು, ವೈಫೈ ಬಂದ್ ಮಾಡಿ. ದುಡ್ಡು ಕೇಳುವ ಚೀಟಿಯ ಫೋಟೋ ತೆಗೆದುಕೊಳ್ಳಿ. ಹೆದರಿ ಬ್ಯಾಕಪ್ ಡಿಸ್ಕ್ ಸಿಕ್ಕಿಸಬೇಡಿ. ಫಾರ್ಮ್ಯಾಟ್‌ಗೆ ಅವಸರ ಬೇಡ; ಸಾಕ್ಷಿಯೂ ಹೋಗುತ್ತದೆ, ಮುಂದೆ ಬಿಡಿಸುವ ಸಾಧನ ಬಂದರೆ ಬಿಡಿಸಲು ಫೈಲೂ ಇರುವುದಿಲ್ಲ. 2016ರಲ್ಲಿ ಯೂರೋಪೋಲ್, ಡಚ್ ಪೊಲೀಸರು ಮತ್ತಿತರರು ಸೇರಿ ಶುರುಮಾಡಿದ ನೋ ಮೋರ್ ರಾನ್ಸಮ್ ತಾಣದಲ್ಲಿ ಕೆಲವು ರಾನ್ಸಮ್‌ವೇರ್‌ಗೆ ಉಚಿತ ಬಿಡಿಸುವ ಸಾಧನ ಸಿಗುತ್ತದೆ. ಮೊದಲು ಅಲ್ಲಿ ನೋಡಿ. ದುಡ್ಡು ಕೊಟ್ಟರೆ ಫೈಲ್ ಬಂದೇ ಬರುತ್ತದೆಂಬ ಖಾತರಿ ಇಲ್ಲ.

ಬ್ಯಾಂಕಿನಿಂದ ಹಣ ಹೋಗಿದ್ದರೆ ಮೊದಲು 1930ಕ್ಕೆ ಫೋನ್ ಮಾಡಿ, ತಡಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ. ನಂತರ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ, ದಾವಣಗೆರೆ ಮತ್ತು ಚಿತ್ರದುರ್ಗ ಎರಡರಲ್ಲೂ ಇದೆ. ವೈರಸ್ ಬಿಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮಿನಡಿ ಅಪರಾಧ, 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಚೀಟಿಯ ಫೋಟೋ, ಕೆಟ್ಟ ಫೈಲಿನ ಒಂದು ಮಾದರಿ, ಬ್ಯಾಂಕ್ ಸ್ಟೇಟ್‌ಮೆಂಟ್, ಯಾವ ಹೊತ್ತಿಗೆ ಏನು ಕಂಡಿತು ಎಂದು ಬರೆದ ಹಾಳೆ ಜೊತೆಗಿರಲಿ.

ಬ್ಯಾಕಪ್ ಇಲ್ಲದೇ ಇದ್ದರೆ ಲೆಕ್ಕ ಮರಳಿ ಕಟ್ಟುವ ದಾರಿ ಉದ್ದ, ಆದರೆ ಇದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಲ್ಲಿಸಿದ ರಿಟರ್ನ್‌ಗಳು, ಆಡಿಟರ್ ಹತ್ತಿರದ ಹಿಂದಿನ ವರ್ಷದ ಪ್ರತಿ, ರೈತರಿಗೆ ಕೊಟ್ಟ ಪಟ್ಟಿಯ ಕಾರ್ಬನ್ ಪ್ರತಿ. ಈ ಪಟ್ಟಿ ಪುಸ್ತಕಗಳನ್ನು ವರ್ಷ ಮುಗಿಯಿತೆಂದು ರದ್ದಿಗೆ ಹಾಕಬೇಡಿ. ಉದ್ರಿ ಮತ್ತು ಮುಂಗಡದ ಲೆಕ್ಕ ಬೇರೆಲ್ಲೂ ಸಿಗುವುದಿಲ್ಲ.