ಬಟವಾಡೆ ಸಂಜೆಯ ಕೂಟ: ಸೋತು ಕೂತ ಗಂಡಸರ ನಡುವೆ ನಮ್ಮ ಅನುಭವ

ಭಾನುವಾರ ಆರಾಧನೆಗೆ ಹೆಂಡತಿ ಮಕ್ಕಳನ್ನು ಗೇಟಿನ ತನಕ ಬಿಟ್ಟು ಬೈಕ್ ತಿರುಗಿಸುವ ಗಂಡಸರು ಕೊಡಗಿನ ಪ್ರತಿ ಚರ್ಚಿನಲ್ಲೂ ಇದ್ದಾರೆ. ಇವರಿಗೆ ನಂಬಿಕೆ ಇಲ್ಲ ಅಂತಲ್ಲ. ಸಾಲ, ಕುಡಿತ, ಚರ್ಚ್ ಕಮಿಟಿಯ ಹಳೇ ಜಗಳ, ಮನೆಯೊಳಗಿನ ಅವಮಾನ, ಯಾವುದೋ ಒಂದು ಕಾರಣಕ್ಕೆ ‘ಅಲ್ಲಿ ಕೂರಲು ನನಗೆ ಯೋಗ್ಯತೆ ಇಲ್ಲ’ ಎಂದು ತಾವೇ ತೀರ್ಪು ಕೊಟ್ಟುಕೊಂಡಿರುತ್ತಾರೆ. ಸಭೆಯಲ್ಲಿ ಇವರಿಗೆ ‘ಹಿಂಜಾರಿದವರು’ ಎಂಬ ಹೆಸರಿದೆ. ಆ ಪದವನ್ನು ಮೊದಲು ಕೈಬಿಟ್ಟೆವು. ಹೆಸರಿಟ್ಟ ಮೇಲೆ ಮನುಷ್ಯ ಆ ಹೆಸರಿನೊಳಗೇ ಉಳಿದುಬಿಡುತ್ತಾನೆ.

ಇಂಥ ಗಂಡಸರಿಗಾಗಿ ನಾವು ಶನಿವಾರ ಸಂಜೆ ಒಂದು ಚಿಕ್ಕ ಪ್ರಾರ್ಥನೆಯ ಕೂಟ ನಡೆಸುತ್ತೇವೆ. ಅದಕ್ಕೆ ಕರೆಯುವ ಮೊದಲು ಅವರನ್ನು ಹೋಗಿ ನೋಡುತ್ತೇವೆ. ಭೇಟಿಗೆ ಇಬ್ಬರೇ ಹೋಗಬೇಕು. ಕೈಯಲ್ಲಿ ಸತ್ಯವೇದ (ಬೈಬಲ್) ಬೇಡ, ಮೊದಲ ಸಲವೇ ಅಯ್ಯನವರನ್ನು (ಪಾದ್ರಿಯನ್ನು) ಕರೆದುಕೊಂಡು ಹೋಗುವುದೂ ಬೇಡ. ಅಯ್ಯನವರು ಬಂದರೆ ಮನೆಯವರು ಕುರ್ಚಿ ಒರೆಸಿ, ಟಿವಿ ಆರಿಸಿ, ಅವನನ್ನು ಎದುರಿಗೆ ಕೂರಿಸುತ್ತಾರೆ. ವಿಚಾರಣೆ ಶುರುವಾದ ಹಾಗೆ ಆಗುತ್ತದೆ. ಮನೆಗಿಂತ ಕೆಲಸದ ಜಾಗ ಒಳ್ಳೆಯದು. ಚೆರ್ರಿ ಕಾಫಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು, ಒಣಗಲು ಒಳ್ಳೆ ಬಿಸಿಲಿದ್ದರೂ 12ರಿಂದ 15 ದಿನ ಬೇಕು. ಅಷ್ಟು ದಿನ ಅವನು ಕಣ ಬಿಟ್ಟು ದೂರ ಹೋಗುವುದಿಲ್ಲ. ಅವನೊಂದು ಕಡೆಯಿಂದ ಕಾಫಿ ಕೆದಕುತ್ತಾ ಬರುವಾಗ ಇನ್ನೊಂದು ಕಡೆಯಿಂದ ನೀವೂ ಕೆದಕಿ. ಕಣ್ಣಿಗೆ ಕಣ್ಣು ಕೊಟ್ಟು ಹೇಳಲಾಗದ್ದು ಕೆಳಗೆ ಕಾಫಿ ನೋಡುತ್ತಾ ಹೇಳಲು ಬರುತ್ತದೆ. ಇಪ್ಪತ್ತು ನಿಮಿಷ ಸಾಕು. ಮೊದಲ ನಾಲ್ಕು ವಾರ ಚರ್ಚಿನ ಮಾತೇ ಎತ್ತಬಾರದು. ಆದರೆ ನಾಲ್ಕು ವಾರವೂ ತಪ್ಪದೆ ಹೋಗಬೇಕು. ಎರಡನೇ ವಾರಕ್ಕೇ ನಿಂತುಹೋಗುವ ಭೇಟಿ ಹೋಗದೇ ಇರುವುದಕ್ಕಿಂತ ಕೆಟ್ಟದ್ದು: ‘ಇವರೂ ಅಷ್ಟೇ’ ಎಂಬುದು ಅವನಿಗೆ ಖಚಿತವಾಗುತ್ತದೆ.

ಕರೆಯುವ ಮಾತು ಹೇಗಿರುತ್ತದೆ ಎಂಬುದರ ಮೇಲೂ ತುಂಬ ನಿಂತಿದೆ. ‘ಅಣ್ಣಾ, ಒಂದಿನ ಬನ್ನಿ’ ಅಂದರೆ ‘ನೋಡೋಣ’ ಎಂಬ ಉತ್ತರ ಬರುತ್ತದೆ; ನಮ್ಮಲ್ಲಿ ‘ನೋಡೋಣ’ ಅಂದರೆ ಇಲ್ಲ ಅಂತಲೇ ಅರ್ಥ. ‘ಶನಿವಾರ ಸಂಜೆ ಐದಾರು ಜನ ಕಾಫಿಗೆ ಸೇರ್ತೇವೆ. ನಾಲ್ಕೂವರೆಗೆ ಗಾಡಿ ತಗೊಂಡು ಬರ್ತೇನೆ, ಗೇಟಿನ ಹತ್ರ ನಿಂತಿರಿ’ ಅನ್ನಬೇಕು. ಗಾಡಿ ಹೋಗಲೇಬೇಕು, ಅವನು ನಿಂತಿರಲಿ, ಬಿಡಲಿ.

ಶನಿವಾರ ಯಾಕೆಂದರೆ ನಮ್ಮ ಕಡೆಯ ತೋಟಗಳಲ್ಲಿ ಅಂದೇ ವಾರದ ಕೂಲಿಯ ಬಟವಾಡೆ. ಕೈಗೆ ದುಡ್ಡು ಬಂದ ಮೊದಲ ಎರಡು ಗಂಟೆಯಲ್ಲಿ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ಕಡೆಗೋ, ಬಾರಿನ ಕಡೆಗೋ ಎಂಬುದು ತೀರ್ಮಾನವಾಗುತ್ತದೆ. 4:45ಕ್ಕೆ ಶುರು, 6ಕ್ಕೆ ಮುಗಿತಾಯ. ಮುಗಿಸುವ ಹೊತ್ತು ಮೀರಬಾರದು. ಡಿಸೆಂಬರಿನಲ್ಲಿ ಆರೂವರೆಗೆಲ್ಲ ಕತ್ತಲಾಗುತ್ತದೆ, ಸಿದ್ದಾಪುರ, ಅಮ್ಮತ್ತಿ ಕಡೆ ಆಮೇಲೆ ರಸ್ತೆ ಆನೆಯದ್ದು. ಒಂದು ಸಲ ತಡವಾದರೆ ಮುಂದಿನ ವಾರ ಮನೆಯವರೇ ಬಿಡುವುದಿಲ್ಲ.

ಆ ಎಪ್ಪತ್ತೈದು ನಿಮಿಷ ಹೀಗೆ ಹಂಚಿಹೋಗುತ್ತದೆ. ಮೊದಲ ಹದಿನೈದು ನಿಮಿಷ ಬೆಲ್ಲದ ಕಾಫಿ, ಏನಾದರೂ ತಿಂಡಿ. ಹಸಿದು ಬಂದವನ ಕಿವಿ ಕೇಳುವುದಿಲ್ಲ. ಒಂದು ಹಾಡು, ಎಲ್ಲರಿಗೂ ಬಾಯಿಪಾಠ ಇರುವಂಥದ್ದು. ಓದು ಹದಿನೈದು ನಿಮಿಷ: ಒಂದೇ ಭಾಗವನ್ನು ಇಬ್ಬರು ಬೇರೆ ಬೇರೆಯಾಗಿ ಓದಬೇಕು, ಅಕ್ಷರ ಬಾರದವರನ್ನು ಓದಲು ಕೇಳಬಾರದು. ಆಮೇಲೆ ಒಂದೇ ಪ್ರಶ್ನೆ, ಒಬ್ಬೊಬ್ಬರಿಗೆ ನಾಲ್ಕು ನಿಮಿಷ. ಕೊನೆಗೆ ಪ್ರಾರ್ಥನೆ. ಐದರಿಂದ ಎಂಟು ಜನ ಇದ್ದರೆ ಈ ಲೆಕ್ಕ ಸರಿಹೋಗುತ್ತದೆ. ಒಂಬತ್ತನೆಯವನು ಬಂದ ದಿನ ಎರಡು ಗುಂಪು ಮಾಡಿ. ದೊಡ್ಡ ಗುಂಪಿನಲ್ಲಿ ಮಾತುಗಾರ ಮಾತಾಡುತ್ತಾನೆ, ಸೋತವನು ಗೋಡೆಗೆ ಒರಗುತ್ತಾನೆ.

ಓದಿಗೆ ಮೊದಲ ಎರಡು ವಾರ ಸತ್ಯವೇದದ 1 ಅರಸುಗಳು 19ನೇ ಅಧ್ಯಾಯ ಇಟ್ಟುಕೊಳ್ಳುತ್ತೇವೆ. ಕರ್ಮೆಲ್ ಬೆಟ್ಟದಲ್ಲಿ ಗೆದ್ದ ಪ್ರವಾದಿ ಎಲೀಯ ಅದರ ಬೆನ್ನಲ್ಲೇ ಅಡವಿಗೆ ಓಡಿ, ಗಿಡದ ಕೆಳಗೆ ಬಿದ್ದು ಸಾವು ಬೇಡುತ್ತಾನೆ. ದೇವದೂತ ಬೈಯುವುದಿಲ್ಲ, ಬೋಧಿಸುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು, ನಿದ್ದೆ. ಮತ್ತೆ ಎಬ್ಬಿಸಿ ಇನ್ನೊಮ್ಮೆ ಊಟ. ಮಾತು ಶುರುವಾಗುವುದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಅಲ್ಲಿ ಅವನು ‘ನಾನೊಬ್ಬನೇ ಉಳಿದಿದ್ದೇನೆ’ ಅನ್ನುತ್ತಾನೆ, ದೇವರು ಇನ್ನೂ ಉಳಿದಿರುವ ಏಳು ಸಾವಿರ ಜನರ ಲೆಕ್ಕ ಕೊಟ್ಟು, ಎಲೀಷನೆಂಬ ಜೊತೆಗಾರನನ್ನೂ ತೋರಿಸುತ್ತಾನೆ. ನಾವು ಕೇಳುವ ಪ್ರಶ್ನೆ: ‘ಈ ವಾರ ನಿಮಗೆ ಊಟ, ನಿದ್ದೆ ಸರಿ ಇತ್ತಾ?’ ಕ್ಷುಲ್ಲಕವೆಂದು ಕಾಣಬಹುದು. ಉತ್ತರ ಹೇಳುವಾಗ ಮಾತ್ರ ಗಂಟಲು ಕಟ್ಟುತ್ತದೆ. ಲೋಟದ ತಳದಲ್ಲಿ ಉಳಿದ ಕಾಫಿ ಪುಡಿಯನ್ನು ತಿರುಗಿಸುತ್ತಾ ಒಬ್ಬರು ‘ಮೂರು ಗಂಟೆಗೆ ಎಚ್ಚರ ಆಗ್ತದೆ’ ಅಂದರೆ, ಪಕ್ಕದವರು ‘ನನಗೂ’ ಅನ್ನುತ್ತಾರೆ. ಅಲ್ಲಿ ಕೂಟ ನಡೆಸುವವರು ಬಾಯಿ ಮುಚ್ಚಿಕೊಂಡಿರಬೇಕು. ಆ ಮೌನಕ್ಕೆ ವಚನ ತುಂಬಿಸಲು ಹೋದರೆ ಎಲ್ಲ ಕೆಡುತ್ತದೆ.

ಆಮೇಲಿನ ವಾರಗಳಿಗೆ ಮಾರ್ಕ 2ರ ನಾಲ್ವರು ಹೊತ್ತು ತಂದ ರೋಗಿ, ಯೋಹಾನ 21ರ ಪೇತ್ರ, 88ನೇ ಕೀರ್ತನೆ. ಯೇಸುವನ್ನು ಹಿಡಿದ ರಾತ್ರಿ ಪೇತ್ರ ಮೂರು ಸಲ ಅವನನ್ನು ಅರಿಯೆನೆಂದ; ಆಗ ಚಳಿ ಕಾಯಿಸಿಕೊಂಡದ್ದು ಇದ್ದಲ ಬೆಂಕಿಯ ಪಕ್ಕ. ಸರೋವರದ ದಡದಲ್ಲಿ ಯೇಸು ಮೀನು ಸುಟ್ಟು ಕಾದಿದ್ದದ್ದೂ ಇದ್ದಲ ಬೆಂಕಿಯ ಪಕ್ಕ. ‘ನನ್ನನ್ನು ಪ್ರೀತಿಸುತ್ತೀಯಾ?’ ಎಂದು ಯೇಸು ಪೇತ್ರನನ್ನು ಮೂರು ಸಲ ಕೇಳುವುದು ತಿಂಡಿ ಆದ ಮೇಲೆ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಸಾಂತ್ವನದ ಒಂದು ಸಾಲನ್ನೂ ಅದಕ್ಕೆ ಅಂಟಿಸಬೇಡಿ.

ಭಾಷೆಯ ವಿಷಯ. ಕೊಡಗಿನ ಕ್ರೈಸ್ತರು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಡೆಯಿಂದ ಸೇರಿದವರು. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರದ್ದು, ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ಕಾಲದ್ದು. ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿ ಮೊಗ್ಲಿಂಗ್ ಕೊಡಗಿಗೆ ಬಂದದ್ದು 1850ರ ದಶಕದಲ್ಲಿ. ತೋಟದ ಕೆಲಸಕ್ಕೆ ಬಂದ ತಮಿಳರು, ಮಲಯಾಳಿಗಳು ಬೇರೆ. ಹಾಗಾಗಿ ಎಂಟು ಜನರಲ್ಲಿ ನಾಲ್ಕು ಮನೆಮಾತು. ಓದು ಕನ್ನಡದಲ್ಲಿರಲಿ, ಪ್ರಾರ್ಥನೆ ಅವರವರ ಭಾಷೆಯಲ್ಲಿ. ಕೊಂಕಣಿಯಲ್ಲಿ ಅಳುವವನನ್ನು ಕನ್ನಡಕ್ಕೆ ಎಳೆಯಬಾರದು. ಕ್ಯಾಥೊಲಿಕ್, ಸಿಎಸ್ಐ (ದಕ್ಷಿಣ ಭಾರತ ಸಭೆ), ಪೆಂತೆಕೊಸ್ತ್ ಬೆರೆತ ಕೂಟದಲ್ಲಿ ದೀಕ್ಷಾಸ್ನಾನದ ವಾದಕ್ಕೆ ಜಾಗ ಇಲ್ಲವೆಂದು ಮೊದಲ ದಿನವೇ ಹೇಳಿಬಿಡುವುದು ಕ್ಷೇಮ. ಭಾನುವಾರ ಅವರವರ ಚರ್ಚಿಗೇ ಹೋಗಬೇಕು. ಕೂಟ ಚರ್ಚಿಗೆ ಬದಲಿ ಅಲ್ಲ.

ಎರಡು ತಿಂಗಳಾದ ಮೇಲೆ ಮೂವರು ಮೂವರ ಚಿಕ್ಕ ಗುಂಪು ಮಾಡುತ್ತೇವೆ. ಇಬ್ಬರಾದರೆ ಒಬ್ಬ ಬಿದ್ದಾಗ ಇನ್ನೊಬ್ಬನೂ ಜೊತೆಗೆ ಬೀಳುತ್ತಾನೆ. ಬುಧವಾರ ರಾತ್ರಿ ಫೋನ್ ಕಡ್ಡಾಯ, ಮೆಸೇಜ್ ಸಾಲದು. ದನಿಯಲ್ಲಿ ಕುಡಿದದ್ದು ಗೊತ್ತಾಗುತ್ತದೆ, ಅಕ್ಷರದಲ್ಲಿ ಗೊತ್ತಾಗುವುದಿಲ್ಲ.

ಕೆಡುವುದು ಹೆಚ್ಚಾಗಿ ದುಡ್ಡಿನಿಂದ. ಕೂಟದ ಒಳಗೆ ಕೈಸಾಲ ಇಲ್ಲ. ಕೊಟ್ಟವನಿಗೆ ಕೇಳಲು ಮುಜುಗರ, ತಗೊಂಡವನಿಗೆ ಮುಖ ತೋರಿಸಲು ಮುಜುಗರ, ಇಬ್ಬರೂ ಬರುವುದು ನಿಲ್ಲಿಸುತ್ತಾರೆ. ಗಲಾತ್ಯ 6ರ ಎರಡನೇ ವಚನ ಒಬ್ಬರ ಭಾರ ಇನ್ನೊಬ್ಬರು ಹೊರಲು ಹೇಳುತ್ತದೆ, ಐದನೇ ವಚನ ತನ್ನ ಹೊರೆ ತಾನೇ ಹೊರಲು. ಸಾಲ ತೀರಿಸುವುದು ಅವನ ಹೊರೆ. ಬ್ಯಾಂಕಿಗೆ ಅವನ ಜೊತೆ ಹೋಗಿ ಮ್ಯಾನೇಜರ್ ಎದುರು ಕೂರುವುದು ನಮ್ಮ ಕೆಲಸ. ಎರಡನೆಯ ಕೇಡು ಸಾಕ್ಷಿ, ಅಂದರೆ ದೇವರು ತನ್ನನ್ನು ಬದಲಿಸಿದ್ದನ್ನು ಎಲ್ಲರೆದುರು ಹೇಳಿಸುವುದು. ಕುಡಿತ ಬಿಟ್ಟು ಮೂರು ವಾರ ಆದವನನ್ನು ಚರ್ಚಿನ ಮುಂದೆ ನಿಲ್ಲಿಸಬೇಡಿ. ಮತ್ತೆ ಎಡವಿದರೆ ಊರಿಡೀ ಎಡವಿದ ಹಾಗೆ. ಒಂದು ವರ್ಷ ಕಾಯಿರಿ. ಒಳಗಿನ ಮಾತು ಹೊರಗೆ ಹೋಗಬಾರದು. ಆದರೆ ಹೆಂಡತಿ ಮಕ್ಕಳ ಮೇಲೆ ಕೈ ಮಾಡುವ ವಿಷಯ, ಸಾಯುವ ಮಾತು, ಇವೆರಡನ್ನು ಗುಟ್ಟಾಗಿ ಇಡುವುದಿಲ್ಲವೆಂದು ಮೊದಲೇ ಹೇಳಿರಬೇಕು.

ದಿನವೂ ಕುಡಿಯುವವನು ಪ್ರಾರ್ಥಿಸಿ ಒಂದೇ ದಿನಕ್ಕೆ ನಿಲ್ಲಿಸುತ್ತೇನೆಂದರೆ ಹುರಿದುಂಬಿಸಬೇಡಿ. ಎರಡು ಮೂರು ದಿನದಲ್ಲಿ ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು; ಜೀವಕ್ಕೇ ಅಪಾಯ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ ವೈದ್ಯರು ಹೇಳಿದ ಹಾಗೆ ಬಿಡಿಸಬೇಕು. ಸಾಯುವ ಮಾತು ಬಂದರೆ ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ತೋಟಕ್ಕೆ ಹೊಡೆಯುವ ಕೀಟನಾಶಕದ ಡಬ್ಬಗಳನ್ನು ಅಂದೇ ಬೇರೆ ಮನೆಗೆ ಸಾಗಿಸಿ, ಅವನನ್ನು ಒಬ್ಬನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ.

ಜೂನ್‌ನಿಂದ ಆಗಸ್ಟ್‌ವರೆಗೆ ದೊಡ್ಡ ಕೂಟ ನಿಲ್ಲುತ್ತದೆ, ಮೂವರ ಕೂಟ ನಿಲ್ಲುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದದ್ದನ್ನು ಕಂಡವರಿಗೆ ಮಳೆ ಜೋರಾದ ರಾತ್ರಿ ಇವತ್ತಿಗೂ ನಿದ್ದೆ ಹತ್ತುವುದಿಲ್ಲ, ಮನಸ್ಸು ಕುಸಿಯುವುದೂ ಆಗಲೇ. ಹಾಗಾಗಿ ಮೂವರನ್ನು ನಡೆದು ತಲುಪುವಷ್ಟು ಹತ್ತಿರದ ಮನೆಗಳಿಂದ ಆರಿಸುತ್ತೇವೆ. ಅವರ ಮನೆ, ನಂಬರು ಮೇ ಕೊನೆಯೊಳಗೆ ಕಾಗದದಲ್ಲಿ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಅಡುಗೆಮನೆಯ ಗೋಡೆಗೆ ಅಂಟಿಸಬೇಕು. ಕರೆಂಟು ಹೋಗಿ ನಾಲ್ಕನೇ ದಿನಕ್ಕೆ ಮೊಬೈಲಿನೊಳಗಿನ ನಂಬರು ಯಾರಿಗೂ ಸಿಗುವುದಿಲ್ಲ.