ಟಿಬಿ ಮೆನಿಂಜೈಟಿಸ್‌ಗೆ ಆಸ್ಪಿರಿನ್: ನಾವು ಕೊಡುವ ರೀತಿ

ಜಗಳೂರು, ಹರಪನಹಳ್ಳಿ, ಮೊಳಕಾಲ್ಮೂರು ಕಡೆಯಿಂದ ದಾವಣಗೆರೆಗೆ ಬರುವ ಟಿಬಿ ಮೆನಿಂಜೈಟಿಸ್ (ಮೆದುಳಿನ ಪೊರೆಗೆ ತಗಲುವ ಟಿಬಿ) ರೋಗಿಗಳಲ್ಲಿ ಹೆಚ್ಚಿನವರು ಮಂಪರು ಹಿಡಿದ ಮೇಲೆಯೇ ಬರುತ್ತಾರೆ. ಟಿಬಿ ಔಷಧಿ, ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಶುರುವಾದರೂ ಕೆಲವರಿಗೆ ಒಂದು ಕಡೆಯ ಕೈಕಾಲು ಬಿದ್ದುಹೋಗುತ್ತದೆ. ಮೆದುಳಿನ ಬುಡದಲ್ಲಿ ಕಟ್ಟುವ ದಪ್ಪ ಸ್ರಾವದೊಳಗೆ ಸಿಕ್ಕಿಬಿದ್ದ ರಕ್ತನಾಳಗಳು ಊದಿ ಕಿರಿದಾಗುತ್ತವೆ, ರಕ್ತ ಅಲ್ಲೇ ಹೆಪ್ಪುಗಟ್ಟುತ್ತದೆ. ಆಸ್ಪಿರಿನ್ ಇದನ್ನು ತಡೆಯಲಿ ಎಂದೇ ಹೊರತು ತಲೆನೋವಿಗಲ್ಲ.

ಪುರಾವೆ ಇದೆ, ಆದರೆ ಗಟ್ಟಿಯಾಗಿಲ್ಲ. 2010ರಲ್ಲಿ ಪ್ರಕಟವಾದ ಲಕ್ನೋ ಅಧ್ಯಯನದಲ್ಲಿ 118 ರೋಗಿಗಳಿದ್ದರು. ದಿನಕ್ಕೆ 150 ಮಿ.ಗ್ರಾಂ ತೆಗೆದುಕೊಂಡವರಲ್ಲಿ ಸಾವು ಕಡಿಮೆಯಾಯಿತು. ಪಾರ್ಶ್ವವಾಯು ಇಳಿದಂತೆ ಕಂಡರೂ ಲೆಕ್ಕಾಚಾರದಲ್ಲಿ ನಿಲ್ಲಲಿಲ್ಲ. 2018ರ ವಿಯೆಟ್ನಾಂ ಅಧ್ಯಯನ 120 ಜನರಲ್ಲಿ 81 ಮತ್ತು 1000 ಮಿ.ಗ್ರಾಂಗಳನ್ನು 60 ದಿನ ಪರೀಕ್ಷಿಸಿತು. ಒಟ್ಟು ಗುಂಪಿನಲ್ಲಿ ವ್ಯತ್ಯಾಸ ಸಾಬೀತಾಗಲಿಲ್ಲ. ಟಿಬಿ ಲ್ಯಾಬಿನಲ್ಲಿ ಖಚಿತವಾದವರಲ್ಲಿ ಮಾತ್ರ ಲಾಭದ ಸುಳಿವು ಕಂಡಿತು. ಹಾಗಾಗಿ ನಾವು 150ರಲ್ಲೇ ನಿಲ್ಲುತ್ತೇವೆ, ಅದೂ ವಯಸ್ಕರಿಗೆ, ಮೂರು ತಿಂಗಳು. ಸ್ಟಿರಾಯ್ಡ್ ಜೊತೆ 1000 ಮಿ.ಗ್ರಾಂ ಕೊಡುವ ಧೈರ್ಯ ನಮಗಿಲ್ಲ.

ಶುರುಮಾಡುವ ಮೊದಲು ಸಿಟಿ ಸ್ಕ್ಯಾನಿನಲ್ಲಿ ರಕ್ತಸ್ರಾವ ಇಲ್ಲವೆಂದು ನೋಡಿಕೊಳ್ಳುತ್ತೇವೆ. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್ಲೆಟ್ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಕಾಯುತ್ತೇವೆ. ಮಳೆಗಾಲದಲ್ಲಿ ಡೆಂಗಿ ಕೂಡ ಸೇರಿಕೊಂಡಿರಬಹುದು, ಅಪರೂಪಕ್ಕೆ ಟಿಬಿ ಔಷಧಿ ರಿಫಾಂಪಿಸಿನ್ ಕೂಡ ಪ್ಲೇಟ್ಲೆಟ್ ಇಳಿಸುತ್ತದೆ. ತಲೆಯಲ್ಲಿ ನೀರು ತುಂಬಿ ಶಂಟ್ (ಆ ನೀರು ಹರಿದುಹೋಗಲು ಇಡುವ ನಳಿಗೆ) ಹಾಕುವ ಸಾಧ್ಯತೆ ಇದ್ದರೆ ನ್ಯೂರೋಸರ್ಜನ್ ಹೇಳುವವರೆಗೆ ಆಸ್ಪಿರಿನ್ ಇಲ್ಲ. ಆದರೆ ಬೆನ್ನಿನ ನೀರು ಮತ್ತೆ ತೆಗೆಯಬೇಕಾದರೆ, ಇದೊಂದೇ ಕಾರಣಕ್ಕೆ ಆಸ್ಪಿರಿನ್ ನಿಲ್ಲಿಸುವುದಿಲ್ಲ. ಜೊತೆಗೆ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ ತಪ್ಪದೆ.

ವಾರ್ಡಿನಲ್ಲಿ ಹೆಚ್ಚು ಎಡವಟ್ಟಾಗುವುದು ಗುಳಿಗೆಯ ರೂಪದಲ್ಲಿ. ನಮ್ಮಲ್ಲಿ ಸಿಗುವ ಬಹುತೇಕ 75, 150ರ ಗುಳಿಗೆಗಳಿಗೆ ಹೊಟ್ಟೆಯಲ್ಲಿ ಕರಗದ ಲೇಪನ ಇರುತ್ತದೆ. ಮೂಗಿನ ನಳಿಗೆ ಇರುವ ರೋಗಿಗೆ ಅದನ್ನು ಅರೆದು ಹಾಕಿದರೆ ಲೇಪನ ಹೋಯಿತು, ಚೂರುಗಳು ನಳಿಗೆಯಲ್ಲಿ ಕಟ್ಟಿಕೊಂಡವು. ಅಂಥವರಿಗೆ ಲೇಪನವಿಲ್ಲದ, ನೀರಿನಲ್ಲಿ ಕರಗುವ ಗುಳಿಗೆ ಬೇಕು. ಆದರೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಡಿಸ್ಪ್ರಿನ್ 300 ಮಿ.ಗ್ರಾಂಗಿಂತ ಹೆಚ್ಚು ಎಂಬುದನ್ನು ಮರೆಯಬಾರದು. ಟಿಬಿ ಗುಳಿಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಆಸ್ಪಿರಿನ್ ಮಧ್ಯಾಹ್ನದ ಆಹಾರದ ನಂತರ.

ಇನ್ನೊಂದು ತೊಡಕು ಮೆಡಿಕಲ್ ಶಾಪಿನದು. ತಲೆನೋವು ಕಡಿಮೆಯಾಗಿಲ್ಲ ಎಂದು ಮನೆಯವರು ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಎಂಬ ನೋವಿನ ಗುಳಿಗೆ ತಂದುಕೊಡುತ್ತಾರೆ. ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ; ಐಬುಪ್ರೊಫೆನ್ ಅಂತೂ ಪ್ಲೇಟ್ಲೆಟ್ ಮೇಲೆ ಆಸ್ಪಿರಿನ್ ಹಿಡಿಯಬೇಕಾದ ಜಾಗವನ್ನೇ ಮೊದಲು ಹಿಡಿದಿರುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಇವು ಬೇಡ ಎಂದು ಈ ಎರಡರ ಹೆಸರನ್ನು ಕನ್ನಡದಲ್ಲಿ ಬರೆದು ಗೀಟು ಹಾಕುತ್ತೇವೆ. ಹೊಸ ಬಗೆಯ ತಲೆನೋವು ಬಂದರೆ ಗುಳಿಗೆ ನುಂಗಿ ಸುಮ್ಮನಿರದೆ ವಾಪಸ್ ಬರಬೇಕು, ತಲೆಯ ನೀರು ಹೆಚ್ಚಿರಬಹುದು. ಕೀಲುನೋವಿಗೆ ಟಿಬಿ ಔಷಧಿ ಪೈರಾಜಿನಮೈಡ್ ಕಾರಣವಿರಬಹುದು. ಅದು ಏರಿಸುವ ಯೂರಿಕ್ ಆಮ್ಲವನ್ನು ಕಡಿಮೆ ಡೋಸಿನ ಆಸ್ಪಿರಿನ್ ಇನ್ನಷ್ಟು ಏರಿಸುತ್ತದೆ. ಮಲ ಟಾರಿನಂತೆ ಕಪ್ಪಾದರೆ ಆ ದಿನವೇ ಆಸ್ಪಿರಿನ್ ನಿಲ್ಲಿಸಿ ಬರಬೇಕು. ಟಿಬಿ ಗುಳಿಗೆ, ಸ್ಟಿರಾಯ್ಡ್‌ಗಳನ್ನು ತಾವಾಗಿ ನಿಲ್ಲಿಸುವಂತಿಲ್ಲ.